ಮಳೆ ಲೆಕ್ಕದ ಪುಸ್ತಕ: ಲಿವರ್ ಸಿರೋಸಿಸ್ ಮತ್ತು ಸೋಂಕಿನ ಒಂದು ಪ್ರಕರಣ

ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ 4, ಬೆಳಿಗ್ಗೆ ಏಳು ಗಂಟೆ. ರಾತ್ರಿಯಿಡೀ ಸುರಿದ ಮಳೆ ಇನ್ನೂ ನಿಂತಿರಲಿಲ್ಲ. ಕರೆಂಟು ಹೋಗಿ ಎರಡು ದಿನವಾಗಿತ್ತು. ನಾನು ಕ್ಲಿನಿಕ್ ಬಾಗಿಲು ತೆಗೆಯುವ ಮೊದಲೇ ಒಂದು ಪಿಕಪ್ ಬಂದು ನಿಂತಿತು. ಹಿಂದೆ ಟಾರ್ಪಾಲಿನ ಕೆಳಗೆ ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹೆಂಡತಿ ಕೂತಿದ್ದರು. ಗಾಡಿ ಓಡಿಸಿಕೊಂಡು ಬಂದವನು ಮಗ. ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಉದ್ದನೆಯ ಪುಸ್ತಕ ಇತ್ತು.

"ಡಾಕ್ಟ್ರೇ, ಅಪ್ಪ ಕುಡಿದಿಲ್ಲ. ಇದನ್ನ ಒಂದ್ಸಲ ನೋಡಿ" ಎಂದ. ಅದೇ ಅವನ ಮೊದಲ ಮಾತು.

ಇದನ್ನು ಬರೆಯಲು ಆ ಮನೆಯವರು ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ಅವರ ಕೆಲವು ವಿವರ ಬದಲಿಸಿದ್ದೇನೆ. ರೋಗದ ನಡೆಯನ್ನು ಬದಲಿಸಿಲ್ಲ.

ರೋಗಿ

ಅವರಿಗೆ ಆಗ 51 ವರ್ಷ. ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ತೋಟದಲ್ಲಿ ರೈಟರ್ ಅಂದರೆ ಲೆಕ್ಕದ ಮನುಷ್ಯ. ಆಳುಗಳ ಹಾಜರಿ, ಕುಯ್ಲಿನ ತೂಕ, ಗೊಬ್ಬರದ ಮೂಟೆ ಎಲ್ಲಾ ಅವರ ಪುಸ್ತಕದಲ್ಲೇ ಇರುತ್ತದೆ. ಮಳೆಯ ಲೆಕ್ಕವೂ ಅವರದೇ. ದಿನಾ ಬೆಳಿಗ್ಗೆ ಮಳೆ ಮಾಪಕದ ನೀರು ಅಳೆದು ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆಯುತ್ತಾರೆ. ಕೊಡಗಿನ ತೋಟಗಳಲ್ಲಿ ಮಳೆ ಪುಸ್ತಕಕ್ಕೆ ಇರುವ ಮರ್ಯಾದೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಹೂಮಳೆ ಯಾವತ್ತು ಬಂತು ಎಂದು ಹಳೇ ಪುಸ್ತಕ ತೆಗೆದು ನೋಡುವವರು ಈಗಲೂ ಇದ್ದಾರೆ.

ಹಿಂದಿನ ವರ್ಷ ಜೂನ್‌ನಲ್ಲಿ ಅವರು ಹೊಟ್ಟೆ ಊದಿಸಿಕೊಂಡು ನನ್ನ ಹತ್ತಿರ ಬಂದಿದ್ದರು. ಸ್ಕ್ಯಾನ್‌ನಲ್ಲಿ ಲಿವರ್ ಕುಗ್ಗಿ ಗಂಟುಗಂಟಾಗಿತ್ತು, ಗುಲ್ಮ ದೊಡ್ಡದಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಪ್ಲೇಟ್‌ಲೆಟ್ 68,000. ಸಿರೋಸಿಸ್ ಎಂದು ಹೇಳಲು ಇನ್ನೇನೂ ಬೇಕಿರಲಿಲ್ಲ. ಕಾರಣ ಕೇಳುವುದಕ್ಕೂ ಯಾರೂ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಕುಡಿಯುತ್ತಿದ್ದರು. ಇಲ್ಲಿನ ಚಳಿ, ಮಳೆ, ಹಬ್ಬ, ಮದುವೆ ಯಾವುದರಲ್ಲೂ ಅದು ಬೇರೆಯಾಗಿ ಕಾಣುವ ಸಂಗತಿ ಅಲ್ಲ. ನಾನು ಫೈಲಿನ ಮೇಲೆ "ಮದ್ಯದಿಂದ ಬಂದ ಸಿರೋಸಿಸ್" ಎಂದು ಬರೆದೆ. ಆ ಸಾಲನ್ನು ಮತ್ತೆ ತೆರೆದು ನೋಡಲಿಲ್ಲ. ಅದರ ಬೆಲೆ ಏನು ಅನ್ನುವುದು ಮುಂದೆ ಬರುತ್ತದೆ.

ಅವತ್ತೇ ಕುಡಿತ ಬಿಟ್ಟರು. ನಿಜವಾಗಿಯೂ ಬಿಟ್ಟರು. ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿಸಿ, ಅನ್ನನಾಳದಲ್ಲಿ ಊದಿಕೊಂಡಿದ್ದ ರಕ್ತನಾಳಗಳಿಗೆ ಬ್ಯಾಂಡ್ ಹಾಕಿಸಿಕೊಂಡು ಬಂದರು. ನೀರು ಇಳಿಸಲು ಸ್ಪೈರೊನೊಲ್ಯಾಕ್ಟೋನ್ ಮತ್ತು ಫ್ಯೂರೊಸೆಮೈಡ್, ರಕ್ತನಾಳದ ಒತ್ತಡ ಕಡಿಮೆ ಮಾಡಲು ಪ್ರೊಪ್ರನೊಲಾಲ್. ಇವಲ್ಲದೆ ಬ್ಯಾಂಡ್ ಹಾಕಿದ ಮೇಲೆ ಕೆಲವು ವಾರಕ್ಕೆಂದು ಕೊಟ್ಟ ಪ್ಯಾಂಟೊಪ್ರಜೋಲ್, ಅಂದರೆ ನಾವೆಲ್ಲ ಹೇಳುವ ಗ್ಯಾಸಿನ ಮಾತ್ರೆ. ಅದನ್ನು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹದಿನಾಲ್ಕು ತಿಂಗಳು ದಿನಾ ಬೆಳಿಗ್ಗೆ ನುಂಗಿದ್ದರು.

ಪುಸ್ತಕದಲ್ಲಿದ್ದ ಮೂರು ದಿನ

ಮಗ ತಂದ ಪುಸ್ತಕ ಮಳೆಯದ್ದೇ. ಜುಲೈ 31ರ ಸಾಲು ಎಂದಿನ ಹಾಗೆ ಇತ್ತು. ದುಂಡಗಿನ ಅಕ್ಷರ, 1 ಇಂಚು 85 ಸೆಂಟ್. ಆಗಸ್ಟ್ 1ರಂದು 2 ಇಂಚು 40 ಸೆಂಟ್, ಅಕ್ಷರ ಸ್ವಲ್ಪ ದೊಡ್ಡದಾಗಿತ್ತು. 2ರಂದು ಸಾಲು ಗೆರೆ ಬಿಟ್ಟು ಕೆಳಗೆ ಜಾರಿತ್ತು. 3ರಂದು ಹಿಂದಿನ ದಿನದ ಲೆಕ್ಕವನ್ನೇ ಎರಡು ಸಲ ಬರೆದಿದ್ದರು. ತಾರೀಖು ಇರಲಿಲ್ಲ. 4ರ ಜಾಗದಲ್ಲಿ ಒಂದು ಸೊಟ್ಟ ಗೆರೆ ಅಷ್ಟೇ.

ಕುಡಿದವರ ಕೈಬರಹ ಹೀಗೆ ಕೆಡುವುದಿಲ್ಲ. ಅದು ರಾತ್ರಿ ಕೆಟ್ಟು ಬೆಳಿಗ್ಗೆ ಸರಿಯಾಗುತ್ತದೆ. ಇದು ದಿನದಿಂದ ದಿನಕ್ಕೆ ಒಂದೇ ದಿಕ್ಕಿಗೆ ಇಳಿದಿತ್ತು. ಲಿವರ್ ಸೋತಾಗ ಅಮೋನಿಯಾದಂಥ ವಿಷಗಳು ರಕ್ತದಲ್ಲಿ ಉಳಿದು ಮೆದುಳನ್ನು ಮಂಕಾಗಿಸುತ್ತವೆ. ಹೆಪಾಟಿಕ್ ಎನ್‌ಸೆಫಲೋಪತಿ ಎನ್ನುತ್ತೇವೆ. ಅದರಲ್ಲಿ ಮೊದಲು ಕೆಡುವುದೇ ಇಂಥ ಸಣ್ಣ ಕೆಲಸಗಳು: ಬರೆಯುವುದು, ಲೆಕ್ಕ ಹಾಕುವುದು, ಗುಂಡಿ ಹಾಕಿಕೊಳ್ಳುವುದು. ಜೊತೆಗೆ ನಿದ್ದೆ ತಿರುಗುಮುರುಗಾಗುತ್ತದೆ. ಹೆಂಡತಿ ಅದನ್ನೂ ಗಮನಿಸಿದ್ದರು. "ಹಗಲೆಲ್ಲಾ ತೂಕಡಿಸ್ತಾರೆ, ರಾತ್ರಿ ಎದ್ದು ಕೂತಿರ್ತಾರೆ" ಎಂದರು.

ಆಗಸ್ಟ್ 2ರ ಸಂಜೆ ಹತ್ತಿರದ ಒಂದು ಕಡೆ ತೋರಿಸಿದ್ದರು. ಹೊಟ್ಟೆ ಸ್ವಲ್ಪ ನೋಯುತ್ತಿತ್ತು, ಮಾತು ತೊದಲುತ್ತಿತ್ತು. ಜ್ವರ ನೋಡಿದರು, ಇರಲಿಲ್ಲ. "ಮತ್ತೆ ಶುರು ಮಾಡಿದ್ದಾರೆ, ಮನೆಯಲ್ಲಿ ಬುದ್ಧಿ ಹೇಳಿ" ಎಂದು ಹೇಳಿ, ನೋವಿಗೆ ಡೈಕ್ಲೊಫೆನಾಕ್ ಇಂಜೆಕ್ಷನ್, ಇನ್ನೊಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಅದು ಎಲ್ಲಿ ಎಂದು ಬರೆಯುವುದಿಲ್ಲ. ಅವತ್ತು ನನ್ನ ಬಾಗಿಲಿಗೆ ಬಂದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಆ ಪುಸ್ತಕ ಆಗ ಕೈಗೆ ಬಂದಿರಲಿಲ್ಲವಲ್ಲ.

ಮರುದಿನ ಆಗಸ್ಟ್ 3, ಕಕ್ಕಡ ಹದಿನೆಂಟು. ಕೊಡಗಿನಲ್ಲಿ ಅಂದು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಅದನ್ನು ತಿಂದರೆ ಮೂತ್ರ ಕೆಂಪಗಾಗುತ್ತದೆ. ಇಲ್ಲಿನ ಮಕ್ಕಳಿಗೂ ಗೊತ್ತು. ಆ ದಿನ ಇವರ ಮೂತ್ರ ಕೆಂಪಾಗಿ ಹೋದಾಗ ಮನೆಯವರು ಗಾಬರಿಯಾಗಲಿಲ್ಲ. ಬಣ್ಣಕ್ಕೆ ಕಾರಣ ಸಿಕ್ಕಿತ್ತು. ಆದರೆ ಮೂತ್ರದ ಪ್ರಮಾಣ ತೀರಾ ಕಡಿಮೆಯಾಗಿತ್ತು. ಬಣ್ಣ ನೋಡಿದ ಕಣ್ಣಿಗೆ ಅದು ಕಾಣಲಿಲ್ಲ. ನಾನು ಎಷ್ಟು ಸಲ ಹೋದರು ಎಂದು ಕೇಳಿದಾಗಲೇ ಹೆಂಡತಿ ಯೋಚಿಸಿ ಹೇಳಿದರು, "ನಿನ್ನೆ ಬೆಳಿಗ್ಗೆಯಿಂದ ಎರಡೇ ಸಲ. ಅದೂ ಸ್ವಲ್ಪ."

ಪರೀಕ್ಷೆ

ಕರೆದರೆ ಕಣ್ಣು ಬಿಡುತ್ತಿದ್ದರು. ಹೆಸರು ಹೇಳಿದರು, ವಾರ ಹೇಳಲಿಲ್ಲ. ಎರಡೂ ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಿರಿ ಎಂದಾಗ ಕೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ಬಿದ್ದು ಏಳುತ್ತಿದ್ದವು. ಬಾಯಲ್ಲಿ ಮದ್ಯದ ವಾಸನೆ ಇರಲಿಲ್ಲ. ಉಷ್ಣತೆ 98.2. ರಕ್ತದೊತ್ತಡ 84/56. ಶುಗರ್ 78. ಹೊಟ್ಟೆ ನೀರು ತುಂಬಿ ಬಿಗಿಯಾಗಿತ್ತು. ಒತ್ತಿದರೆ ಮುಖ ಸ್ವಲ್ಪ ಕಿವುಚುತ್ತಿದ್ದರು, ಅಷ್ಟೇ. ಕಾಲಲ್ಲಿ ಜಿಗಣೆ ಕಚ್ಚಿದ ಗಾಯ ಇದ್ದವು, ಆದರೆ ಕೆಂಪಾಗಿ ಊದಿರಲಿಲ್ಲ. ಎದೆ ಶುದ್ಧವಾಗಿತ್ತು.

ಜ್ವರ ಇಲ್ಲ ಅಂದಮೇಲೆ ಸೋಂಕು ಇಲ್ಲ ಎಂದು ನಾವು ಸುಲಭವಾಗಿ ತೀರ್ಮಾನಿಸುತ್ತೇವೆ, ಅಲ್ವಾ? ಸಿರೋಸಿಸ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಈ ರೋಗಿಗಳ ಮೈ ಬಿಸಿ ಮೊದಲೇ ಕಡಿಮೆ, ರಕ್ತದೊತ್ತಡವೂ ಕಡಿಮೆ. ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ. ದೊಡ್ಡದಾದ ಗುಲ್ಮ ಬಿಳಿ ರಕ್ತಕಣಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವುಗಳ ಎಣಿಕೆಯೂ ಕಡಿಮೆ ಇರುತ್ತದೆ. ಸೋಂಕು ಬಂದಾಗ ಮೈ ಬಿಸಿ, ಬಿಳಿ ಕಣ ಸ್ವಲ್ಪ ಏರಿ "ನಾರ್ಮಲ್"ಗೆ ಬಂದು ನಿಲ್ಲುತ್ತವೆ. ಇವರ ಬಿಳಿ ಕಣ ಅವತ್ತು 7,400 ಬಂತು. ಯಾವ ಲ್ಯಾಬ್ ಕೂಡ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ಹಿಂದಿನ ತಿಂಗಳು ಇದೇ ಮನುಷ್ಯನಲ್ಲಿ ಅದು 3,100 ಇತ್ತು.

ಹಾಗಾಗಿ ನಿಯಮ ಬಹಳ ಸರಳ. ಹೊಟ್ಟೆಯಲ್ಲಿ ನೀರಿರುವ ಸಿರೋಸಿಸ್ ರೋಗಿಗೆ ಮಂಕು ಕವಿದರೆ, ಹೊಟ್ಟೆ ನೋವು ಬಂದರೆ, ರಕ್ತ ವಾಂತಿಯಾದರೆ, ಕಿಡ್ನಿ ಕೈಕೊಟ್ಟರೆ, ಇಲ್ಲವೇ ಯಾವುದೇ ಕಾರಣಕ್ಕೆ ಆಸ್ಪತ್ರೆ ಸೇರಿದರೆ, ಮೊದಲು ಆ ನೀರನ್ನು ತೆಗೆದು ನೋಡಬೇಕು. ತಡ ಮಾಡಿದಷ್ಟೂ ಸಾವು ಹತ್ತಿರ ಬರುತ್ತದೆ.

ಸೂಜಿ ಹಾಕುವ ಮಾತು

"ನೀರು ತೆಗೀಬೇಡಿ ಡಾಕ್ಟ್ರೇ. ತೆಗೆಸಿದವರು ಉಳಿಯಲ್ಲ" ಎಂದರು ಹೆಂಡತಿ. ಈ ಮಾತನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅದಕ್ಕೊಂದು ಕಾರಣವಿದೆ. ಹಿಂದೆಲ್ಲ ನೀರು ತೆಗೆಯುತ್ತಿದ್ದದ್ದು ಕೊನೆಯ ಹಂತದಲ್ಲಿ. ಜನ ಸತ್ತದ್ದು ರೋಗದಿಂದ, ಹೆಸರು ಬಂದದ್ದು ಸೂಜಿಗೆ. ಅವರ ಮೈದುನ, ಅಂದರೆ ಗಂಡನ ತಮ್ಮ, ಕೆಲವು ವರ್ಷದ ಹಿಂದೆ ಇದೇ ಹೊಟ್ಟೆ ನೀರಿನಿಂದ ತೀರಿಕೊಂಡಿದ್ದರಂತೆ. ನೀರು ತೆಗೆಸಿದ ಮೂರನೇ ದಿನ. ವಯಸ್ಸು 44. "ಅವನೂ ಕುಡೀತಿದ್ದ" ಎಂದರು. ಮೈದುನನ ಈ ವಿಷಯ ನನ್ನ ಮನಸ್ಸಿನಲ್ಲಿ ಉಳಿಯಬೇಕಿತ್ತು. ಅವತ್ತಿನ ಗಡಿಬಿಡಿಯಲ್ಲಿ ಉಳಿಯಲಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟು. ಹೊಟ್ಟೆ ಖಾಲಿ ಮಾಡುವುದಿಲ್ಲ, ನಾಲ್ಕು ಚಮಚದಷ್ಟು ತೆಗೆದು ನೋಡುತ್ತೇನೆ, ರಕ್ತ ತೆಗೆಯುವ ಸಿರಿಂಜ್‌ನಲ್ಲೇ. ಪ್ಲೇಟ್‌ಲೆಟ್ ಕಡಿಮೆ ಇದ್ದರೂ, ರಕ್ತ ಹೆಪ್ಪುಗಟ್ಟುವುದು ನಿಧಾನವಾದರೂ ಇದನ್ನು ಮಾಡಬಹುದು. ಇದರಿಂದ ದೊಡ್ಡ ರಕ್ತಸ್ರಾವ ಆಗುವುದು ತೀರಾ ಅಪರೂಪ. ಮಗ ತಲೆಯಾಡಿಸಿದ. ಅಮ್ಮ ಬಾಗಿಲ ಹೊರಗೆ ಹೋಗಿ ನಿಂತರು.

ಎಡಗಡೆ ಕೆಳಹೊಟ್ಟೆಯಿಂದ 20 ಮಿ.ಲೀ. ತೆಗೆದೆ. ತಿಳಿಯಾಗಿರಬೇಕಾದ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು. ಎರಡು ಟ್ಯೂಬಿಗೆ ತುಂಬಿ, ತಕ್ಷಣ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ 2 ಗ್ರಾಂ ರಕ್ತನಾಳಕ್ಕೆ ಕೊಟ್ಟೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹೊತ್ತು ಅದಲ್ಲ. ಆ ನೀರಿನ ಬಿಳಿ ಕಣ ಎಣಿಸಲು ಮಡಿಕೇರಿಗೇ ಹೋಗಬೇಕು. ಬೇತ್ರಿ ಸೇತುವೆಯ ಹತ್ತಿರ ಕಾವೇರಿ ಉಕ್ಕುತ್ತಿದೆ ಎಂದು ಹಾದಿಯಲ್ಲಿ ಬಂದವರು ಹೇಳುತ್ತಿದ್ದರು. ಆ ಕಡೆಯಿಂದ ದಾಟಲು ಆಗದಿದ್ದರೆ ಚೆಟ್ಟಳ್ಳಿ ಕಡೆಯಿಂದ ಸುತ್ತಿ ಹೋಗಲಿ ಎಂದು ಚಾಲಕರಿಗೆ ಹೇಳಿ ಆಂಬ್ಯುಲೆನ್ಸ್‌ನಲ್ಲಿ ಕಳಿಸಿದೆ.

ಒಂದು ತಪ್ಪು ಮಾಡಿದೆ. ಸೋಂಕಿನ ಬ್ಯಾಕ್ಟೀರಿಯಾ ಯಾವುದು ಎಂದು ಬೆಳೆಸಿ ನೋಡಲು ಆ ನೀರಿನ 10 ಮಿ.ಲೀ. ಅನ್ನು ರಕ್ತದ ಕಲ್ಚರ್ ಬಾಟಲಿಗೆ ಹಾಸಿಗೆಯ ಪಕ್ಕದಲ್ಲೇ ಹಾಕಬೇಕು. ನನ್ನ ಹತ್ತಿರ ಆ ಬಾಟಲಿ ಇರಲಿಲ್ಲ. ಮಡಿಕೇರಿಯಲ್ಲಿ ಹಾಕಿದ್ದು ಔಷಧ ಹೋದ ಮೇಲೆ. ಏನೂ ಬೆಳೆಯಲಿಲ್ಲ. ಈಗ ಎರಡು ಬಾಟಲಿ ಯಾವಾಗಲೂ ಇಟ್ಟಿರುತ್ತೇನೆ.

ಎಣಿಕೆ

ಸಂಜೆಯೊಳಗೆ ಫೋನ್ ಬಂತು. ಒಂದು ಘನ ಮಿಲಿಮೀಟರ್ ನೀರಿನಲ್ಲಿ 2,840 ಬಿಳಿ ಕಣ, ಅದರಲ್ಲಿ ನೂರಕ್ಕೆ 84 ನ್ಯೂಟ್ರೊಫಿಲ್, ಅಂದರೆ ಬ್ಯಾಕ್ಟೀರಿಯಾದ ಜೊತೆ ಹೋರಾಡುವ ಬಗೆಯ ಬಿಳಿ ಕಣ. ಲೆಕ್ಕ ಹಾಕಿದರೆ ಸುಮಾರು 2,385. ರೋಗ ಎನ್ನಲು 250 ಸಾಕು. ಇದಕ್ಕೆ ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಪೆರಿಟೊನೈಟಿಸ್ ಎಂದು ಹೆಸರು. ಕರುಳು ತೂತಾಗದೆ, ಅಪೆಂಡಿಕ್ಸ್ ಒಡೆಯದೆ, ಹೊಟ್ಟೆಯೊಳಗಿನ ನೀರು ತಾನಾಗಿ ಸೋಂಕಿಗೆ ಒಳಗಾಗುವುದು. ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 0.9ರಿಂದ 2.3ಕ್ಕೆ ಹೋಗಿತ್ತು. ಕಾಮಾಲೆಯ ಅಳತೆಯಾದ ಬಿಲಿರುಬಿನ್ 5.2, ಸೋಡಿಯಂ 126, ಲಿವರ್ ಮಾಡುವ ಪ್ರೋಟೀನ್ ಅಲ್ಬುಮಿನ್ 2.3.

ತಾನಾಗಿ ಅಂದೆ. ಆದರೆ ಅದು ಬರುವ ದಾರಿ ಇದೆ. ನಮ್ಮ ಕರುಳು ಬ್ಯಾಕ್ಟೀರಿಯಾಗಳ ಊರು. ಆರೋಗ್ಯ ಇದ್ದಾಗ ಅವು ಗೋಡೆ ದಾಟಿದರೂ ದೂರ ಹೋಗಲಾರವು. ಕರುಳಿನಿಂದ ಬರುವ ರಕ್ತವೆಲ್ಲ ಪೋರ್ಟಲ್ ನಾಳದಲ್ಲಿ ಲಿವರಿಗೆ ಬರಬೇಕು, ಅಲ್ಲಿ ಕುಪ್ಫರ್ ಕೋಶಗಳು ಅವನ್ನು ಹಿಡಿದು ನುಂಗುತ್ತವೆ. ಗದ್ದೆಯಿಂದ ಗದ್ದೆಗೆ ನೀರು ಇಳಿಯುವಾಗ ಕೆಸರು ಕೆಳಗೆ ಕೂತು ತಿಳಿನೀರು ಮುಂದೆ ಹೋಗುತ್ತದಲ್ಲ, ಹಾಗೆ. ಸಿರೋಸಿಸ್‌ನಲ್ಲಿ ಲಿವರ್ ಗಾಯದ ನಾರಿನಿಂದ ಗಟ್ಟಿಯಾಗಿ ರಕ್ತವನ್ನು ಒಳಗೆ ಬಿಡುವುದಿಲ್ಲ. ನೀರು ಬದು ಒಡೆದು ಪಕ್ಕದ ತೋಡಿಗೆ ನುಗ್ಗುತ್ತದೆ. ರಕ್ತ ಸೋಸದೆಯೇ ಮುಂದೆ ಹೋಗುತ್ತದೆ. ಅತ್ತ ಒತ್ತಡದಿಂದ ಕರುಳಿನ ಗೋಡೆ ಊದಿ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ ಸುಲಭವಾಗಿ ದಾಟಿ ಹತ್ತಿರದ ದುಗ್ಧಗ್ರಂಥಿಗೆ, ಅಲ್ಲಿಂದ ರಕ್ತಕ್ಕೆ, ಕೊನೆಗೆ ಹೊಟ್ಟೆಯ ನೀರಿಗೆ ಬರುತ್ತದೆ.

ಆ ನೀರಿನಲ್ಲಿ ಕಾವಲು ಇಲ್ಲ. ಸೋಂಕಿನ ವಿರುದ್ಧ ಕೆಲಸ ಮಾಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಹೆಚ್ಚಾಗಿ ಮಾಡುವುದೇ ಲಿವರ್. ಅದೇ ಸೋತಿದೆ. ನೂರು ಮಿ.ಲೀ. ನೀರಿನಲ್ಲಿ ಪ್ರೋಟೀನ್ 1.5 ಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಜಾಸ್ತಿ ಎನ್ನುತ್ತಾರೆ. ಇವರದು 0.8 ಇತ್ತು. ಗ್ಯಾಸಿನ ಮಾತ್ರೆಯ ಪಾತ್ರವೂ ಇಲ್ಲೇ. ಹೊಟ್ಟೆಯ ಆಮ್ಲ ಬ್ಯಾಕ್ಟೀರಿಯಾಗಳಿಗೆ ಮೊದಲ ಬಾಗಿಲು. ಆಮ್ಲ ತಗ್ಗಿಸುವ ಈ ಮಾತ್ರೆಯಿಂದ ಅದನ್ನು ತಿಂಗಳುಗಟ್ಟಲೆ ತೆರೆದಿಟ್ಟರೆ ಕರುಳಿನಲ್ಲಿ ಅವು ಹೆಚ್ಚುತ್ತವೆ. ಸಿರೋಸಿಸ್ ರೋಗಿಗಳಲ್ಲಿ ಈ ಮಾತ್ರೆಗೂ ಸೋಂಕಿಗೂ ನಂಟು ಇದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಬೇಕಾದವರಿಗೆ ಬೇಕಾದಷ್ಟು ದಿನ ಕೊಡಬೇಕು, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಚೀಟಿಯ ಕೊನೆಯ ಸಾಲಿನಲ್ಲಿ ಸುಮ್ನೆ ಬರೆಯುವ ಮಾತ್ರೆ ಅದಲ್ಲ.

ಅಮೆರಿಕದ ಹೆರಾಲ್ಡ್ ಕಾನ್ 1960ರ ದಶಕದಲ್ಲಿ ಈ ರೋಗವನ್ನು ವಿವರಿಸಿದಾಗ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದರು. ಈಗ ಬೇಗ ಹಿಡಿದರೆ ಐವರಲ್ಲಿ ನಾಲ್ವರು ಈ ಸಲದ ಮಟ್ಟಿಗೆ ಮನೆಗೆ ಹೋಗುತ್ತಾರೆ. ಹಾಗೆಂದು ಸಣ್ಣ ವಿಷಯ ಅಲ್ಲ. ಆಸ್ಪತ್ರೆ ಸೇರುವ ಸಿರೋಸಿಸ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಯಾವುದಾದರೂ ಸೋಂಕು ಇರುತ್ತದೆ. ಹೊಟ್ಟೆ ನೀರಿನದು, ಮೂತ್ರದ್ದು, ಶ್ವಾಸಕೋಶದ್ದು, ಚರ್ಮದ್ದು. ಸೋಂಕು ತಗುಲಿದರೆ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂದು 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಬರೆದಿದ್ದಾರೆ.

ಕಿಡ್ನಿ ಉಳಿಸಿದ ಬಾಟಲಿ

ಇಂಥ ಸೋಂಕಿನಲ್ಲಿ ಜನ ಸಾಯುವುದು ಹೆಚ್ಚಾಗಿ ಕೀವಿನಿಂದ ಅಲ್ಲ, ಕಿಡ್ನಿಯಿಂದ. ಸೋಂಕು ರಕ್ತನಾಳಗಳನ್ನು ಇನ್ನೂ ಸಡಿಲ ಮಾಡುತ್ತದೆ. ಮೈಯಲ್ಲಿ ನೀರು ತುಂಬಿದ್ದರೂ ಕಿಡ್ನಿಗೆ ರಕ್ತ ಸಾಲುವುದಿಲ್ಲ. ಅದರ ಮೇಲೆ ಡೈಕ್ಲೊಫೆನಾಕ್ ಬಿದ್ದರೆ ಉಳಿದ ದಾರಿಯೂ ಮುಚ್ಚುತ್ತದೆ. ಸಿರೋಸಿಸ್ ಇರುವವರು ಆ ಜಾತಿಯ ನೋವಿನ ಮಾತ್ರೆ, ಇಂಜೆಕ್ಷನ್ ಯಾವುದನ್ನೂ ತೆಗೆದುಕೊಳ್ಳಬಾರದು. ನೋವಿಗೆ ಪ್ಯಾರಸಿಟಮಾಲ್, ದಿನಕ್ಕೆ 2 ಗ್ರಾಂ ಮೀರದಂತೆ, ಸಾಮಾನ್ಯವಾಗಿ ತೊಂದರೆ ಇಲ್ಲ. ಜನ ಇದನ್ನು ಉಲ್ಟಾ ತಿಳಿದಿದ್ದಾರೆ. ಪ್ಯಾರಸಿಟಮಾಲ್‌ಗೆ ಹೆದರಿ ಡೈಕ್ಲೊಫೆನಾಕ್ ನುಂಗುತ್ತಾರೆ.

ಸ್ಪೇನ್‌ನಲ್ಲಿ 126 ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಕೆಲಸದ ರೀತಿಯನ್ನೇ ಬದಲಿಸಿತು. ಬರೀ ಆಂಟಿಬಯಾಟಿಕ್ ಕೊಟ್ಟವರಲ್ಲಿ ನೂರಕ್ಕೆ 33 ಮಂದಿಗೆ ಕಿಡ್ನಿ ಕೆಟ್ಟಿತು, 29 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಜೊತೆಗೆ ಅಲ್ಬುಮಿನ್ ಕೊಟ್ಟವರಲ್ಲಿ ಎರಡೂ ನೂರಕ್ಕೆ 10. ಲೆಕ್ಕ ಹೀಗೆ: ಮೊದಲ ಆರು ಗಂಟೆಯೊಳಗೆ ಕಿಲೋ ತೂಕಕ್ಕೆ 1.5 ಗ್ರಾಂ, ಮೂರನೇ ದಿನ ಕಿಲೋಗೆ 1 ಗ್ರಾಂ. ಇವರ ತೂಕ 60 ಕಿಲೋ. ಮೊದಲ ದಿನ 90 ಗ್ರಾಂ, ಅಂದರೆ ನಾಲ್ಕೂವರೆ ಬಾಟಲಿ. ಮೂರನೇ ದಿನ ಮೂರು. ಒಂದೊಂದು ಬಾಟಲಿಗೂ ಸಾವಿರಾರು ರೂಪಾಯಿ. ಮಗ ಪಿಕಪ್‌ನ ಕಂತಿಗೆ ಇಟ್ಟಿದ್ದ ಹಣ ತಂದ. ತೋಟದ ಯಜಮಾನರು ಉಳಿದದ್ದು ಕೊಟ್ಟರು. ಅಂಥ ತೋಟ, ಅಂಥ ಮಗ ಇಲ್ಲದವರ ಗತಿ ಏನು ಎಂದು ನಾನು ಈಗಲೂ ಯೋಚಿಸುತ್ತೇನೆ.

ನೀರಿಳಿಸುವ ಮಾತ್ರೆ ನಿಲ್ಲಿಸಿದರು. ಪ್ರೊಪ್ರನೊಲಾಲ್ ನಿಲ್ಲಿಸಿದರು. ಪ್ಯಾಂಟೊಪ್ರಜೋಲ್ ಕೂಡ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಲ್ಯಾಕ್ಟುಲೋಸ್ ಕೊಟ್ಟರು. ಸೆಫ್ಟ್ರಿಯಾಕ್ಸೋನ್ ಮುಂದುವರಿಸಿದರು. 48 ಗಂಟೆಗೆ ಮತ್ತೆ ನೀರು ತೆಗೆದು ನೋಡಿದಾಗ ನ್ಯೂಟ್ರೊಫಿಲ್ 410ಕ್ಕೆ ಇಳಿದಿತ್ತು. ನಾಲ್ಕನೇ ದಿನ ಎದ್ದು ಕೂತು, ಎರಡು ದಿನದ ಮಳೆ ಯಾರು ಬರೆದರು ಎಂದು ಮಗನನ್ನು ಕೇಳಿದರಂತೆ. ಕ್ರಿಯಾಟಿನಿನ್ 1.9, 1.3 ಆಗಿ ಎಂಟನೇ ದಿನಕ್ಕೆ 1.0. ಮರುದಿನ ಮನೆಗೆ ಬಂದರು.

ಫೈಲಿನಲ್ಲಿದ್ದ ಚೀಟಿ

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಡಿಸ್ಚಾರ್ಜ್ ಕಾಗದದ ಕೆಳಗೆ ಮಡಿಕೇರಿಯ ಯುವ ವೈದ್ಯರೊಬ್ಬರು ಒಂದು ಸಾಲು ಬರೆದಿದ್ದರು. ಎಚ್‌ಬಿಎಸ್ ಆಂಟಿಜೆನ್ ಪಾಸಿಟಿವ್, ಅಂದರೆ ಹೆಪಟೈಟಿಸ್ ಬಿ ಸೋಂಕು ಇದೆ, ದಯವಿಟ್ಟು ಚಿಕಿತ್ಸೆ ಶುರು ಮಾಡಿ ಎಂದು.

ನಾನು ಹಳೇ ಫೈಲನ್ನು ಮೇಜಿನ ಮೇಲೆ ಸುರಿದೆ. ಹದಿನಾಲ್ಕು ತಿಂಗಳ ಹಿಂದಿನ ಎಂಡೋಸ್ಕೋಪಿ ಕಾಗದಗಳ ನಡುವೆ, ನಾಲ್ಕು ಮಡಿಕೆ ಮಾಡಿದ ಒಂದು ಪುಟ್ಟ ಚೀಟಿ ಇತ್ತು. "ವೈರಲ್ ಮಾರ್ಕರ್." ಎಚ್‌ಐವಿ ಇಲ್ಲ, ಹೆಪಟೈಟಿಸ್ ಸಿ ಇಲ್ಲ, ಹೆಪಟೈಟಿಸ್ ಬಿ ಇದೆ. ಮೇಲೆ ಕೆಂಪು ಮುದ್ರೆ. ಎಂಡೋಸ್ಕೋಪಿ ಮಾಡುವ ಮೊದಲು ಸಿಬ್ಬಂದಿಯ ರಕ್ಷಣೆಗೆಂದು ಈ ಪರೀಕ್ಷೆ ಮಾಡುತ್ತಾರೆ. ಆ ಚೀಟಿ ನೋಡಿ ಅಂದು ಯಾರೋ ಎರಡು ಜೊತೆ ಗ್ಲೌಸ್ ಹಾಕಿಕೊಂಡಿರುತ್ತಾರೆ. ರೋಗಿಗೆ ಯಾರೂ ಹೇಳಲಿಲ್ಲ. ಆ ಫೈಲನ್ನು ನಾನು ಕನಿಷ್ಠ ಆರು ಸಲ ತೆರೆದಿದ್ದೇನೆ. ಚೀಟಿ ಬಿಡಿಸಿ ನೋಡಲಿಲ್ಲ. ಕಾರಣ ನನಗೆ ಗೊತ್ತಿತ್ತಲ್ಲ, ಕುಡಿತ ಎಂದು.

ಸೋಂಕಿಗೂ ಸಿರೋಸಿಸ್‌ಗೂ ಇರುವ ಸಂಬಂಧದಲ್ಲಿ ಇದು ಇನ್ನೊಂದು ತುದಿ. ಒಂದು ಸೋಂಕು ಮೂವತ್ತು ನಲವತ್ತು ವರ್ಷ ಸದ್ದಿಲ್ಲದೆ ಲಿವರನ್ನು ತಿಂದು ಸಿರೋಸಿಸ್ ಮಾಡುತ್ತದೆ. ಆ ಸಿರೋಸಿಸ್ ಇನ್ನೊಂದು ಸೋಂಕಿಗೆ ಬಾಗಿಲು ತೆಗೆಯುತ್ತದೆ. ಇವರ ಲಿವರನ್ನು ಮದ್ಯ ಹಾಳು ಮಾಡಲಿಲ್ಲ ಎನ್ನುವುದಿಲ್ಲ. ವೈರಸ್ ಇದ್ದಲ್ಲಿ ಮದ್ಯ ಸೇರಿದರೆ ಎರಡೂ ಸೇರಿ ಬೇಗ ಬೇಗ ಕೆಡಿಸುತ್ತವೆ. ಆದರೆ ಅವರು ಕುಡಿತ ಬಿಟ್ಟ ಮೇಲೂ ಒಂದು ಬೆಂಕಿ ಉರಿಯುತ್ತಲೇ ಇತ್ತು. ಅದಕ್ಕೆ ಮಾತ್ರೆ ಇತ್ತು, ನಾವು ಕೊಡಲಿಲ್ಲ.

ಹೆಪಟೈಟಿಸ್ ಬಿಯನ್ನು ಮೈಯಿಂದ ಪೂರ್ತಿ ಕಿತ್ತು ಹಾಕುವುದು ಈಗಿನ ಮಾತ್ರೆಗಳಿಗೆ ಕಷ್ಟ. ಆದರೆ ವೈರಸ್ ಬೆಳೆಯದಂತೆ ಅದುಮಿ ಹಿಡಿಯಬಹುದು. ಹೆಪಟೈಟಿಸ್ ಸಿ ಆದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95 ಮಂದಿಗೆ ಪೂರ್ತಿ ವಾಸಿಯಾಗುತ್ತದೆ. ಹೊಟ್ಟೆ ನೀರು ಬಂದ ಹಂತದಲ್ಲಿ ರಕ್ತದಲ್ಲಿ ವೈರಸ್ ಎಷ್ಟೇ ಕಡಿಮೆ ಕಂಡರೂ ಹೆಪಟೈಟಿಸ್ ಬಿಗೆ ಚಿಕಿತ್ಸೆ ಕೊಡಬೇಕು. ಕಿಡ್ನಿ ಆಗಷ್ಟೇ ಪೆಟ್ಟು ತಿಂದಿದ್ದರಿಂದ ಇವರಿಗೆ ಎಂಟೆಕಾವಿರ್ ಎಂಬ ಮಾತ್ರೆ ಶುರುವಾಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಇದು ಬಹಳ ಜನರಿಗೆ ಗೊತ್ತಿಲ್ಲ.

ಮನೆಯವರು

ಆಗ ಮೈದುನನ ನೆನಪಾಯಿತು. 44ಕ್ಕೆ ಹೊಟ್ಟೆ ನೀರು. ಅಣ್ಣತಮ್ಮ ಇಬ್ಬರ ತಾಯಿಯ ಬಗ್ಗೆ ಕೇಳಿದೆ. ಕಾಮಾಲೆ ಬಂದು ತೀರಿಕೊಂಡರಂತೆ. ಅವರು ಒಂದು ದಿನವೂ ಕುಡಿದವರಲ್ಲ. ಇದು ತಾಯಿಯಿಂದ ಹೆರಿಗೆಯ ಹೊತ್ತಿಗೆ ಮಕ್ಕಳಿಗೆ ದಾಟಿರಬಹುದು ಎಂದು ಅನಿಸಿತು. ಕುಶಾಲನಗರದಲ್ಲಿ ಒಬ್ಬ ತಂಗಿ ಇದ್ದರು. ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಅವರಿಗೆ ಏನೂ ತೊಂದರೆ ಇರಲಿಲ್ಲ, ಆದರೆ ಲಿವರ್ ಗಟ್ಟಿಯಾಗತೊಡಗಿತ್ತು. ಅವರು ಈಗ ಟೆನೊಫೊವಿರ್ ಎಂಬ ವೈರಸ್ ಅದುಮುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನನಗೆ ಹೆಚ್ಚು ಸಮಾಧಾನ ತಂದದ್ದು ಇದೇ. ಹೊಟ್ಟೆಯಲ್ಲಿ ನೀರು ತುಂಬುವ ಮೊದಲೇ ಒಬ್ಬರನ್ನು ಹಿಡಿದೆವು.

ರೈಟರ್ ಅವರ ಹೆಂಡತಿಗೆ ಎಂದೋ ಸೋಂಕು ತಗುಲಿ ತಾನಾಗಿ ಹೋಗಿ, ರಕ್ಷಣೆ ಉಳಿದಿತ್ತು. ಮಗನಿಗೆ ಸೋಂಕು ಇರಲಿಲ್ಲ. ತಂಗಿಯ ಇಬ್ಬರು ಮಕ್ಕಳಿಗೂ ಇರಲಿಲ್ಲ. ಮೂವರಿಗೂ ಲಸಿಕೆ ಹಾಕಿದೆ. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲಾ ಮಕ್ಕಳಿಗೆ ಸಿಗತೊಡಗಿದ್ದು 2011ರಿಂದ. ಅದಕ್ಕೂ ಮೊದಲು ಹುಟ್ಟಿದ ಬಹಳ ಮಂದಿಗೆ ಅದು ಸಿಕ್ಕಿಲ್ಲ. ಈಗ ಹುಟ್ಟುವ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಕೊಡಬೇಕು. ತಾಯಿಗೆ ಸೋಂಕು ಇದ್ದರೆ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಕೂಡ. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಇದು ಬರುವುದಿಲ್ಲ. ತಂಗಿಯ ಮನೆಯಲ್ಲಿ ಅವರ ಲೋಟ ಬೇರೆ ಇಟ್ಟಿದ್ದರು. ನಾನೇ ಹೋಗಿ ಕೂತು ಹೇಳಬೇಕಾಯಿತು. ರೇಜರ್, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ, ಲೋಟ ಬೇಡ ಎಂದು.

ಈಗ

ರೈಟರ್ ಅವರಿಗೆ ದಿನಾ ನಾರ್‌ಫ್ಲಾಕ್ಸಸಿನ್ 400 ಮಿ.ಗ್ರಾಂ ಶುರು ಮಾಡಿದೆವು. ಒಮ್ಮೆ ಈ ಸೋಂಕು ಬಂದವರಿಗೆ ತಡೆ ಮಾತ್ರೆ ಇಲ್ಲದಿದ್ದರೆ ಒಂದು ವರ್ಷದೊಳಗೆ ಹತ್ತರಲ್ಲಿ ಏಳು ಮಂದಿಗೆ ಮತ್ತೆ ಬರುತ್ತದೆ. ನ್ಯುಮೋನಿಯಾ, ಫ್ಲೂ ಲಸಿಕೆ ಹಾಕಿಸಿಕೊಂಡರು. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟಕ್ಕೆ ಇಳಿಯುವುದಿಲ್ಲ. ಊದಿದ ಕಾಲಿಗೆ ಜಿಗಣೆ ಕಚ್ಚಿ ಕೆರೆದರೆ ಅಲ್ಲಿಂದಲೇ ಸೆಲ್ಯುಲೈಟಿಸ್ ಎಂಬ ಚರ್ಮದ ಸೋಂಕು ಶುರುವಾಗಬಹುದು. ಕುದಿಸಿದ ನೀರೇ ಕುಡಿಯುತ್ತಾರೆ. ಗದ್ದೆ ಏಡಿ ತಿನ್ನಬಹುದಾ ಎಂದು ಕೇಳಿದರು. ಚೆನ್ನಾಗಿ ಬೇಯಿಸಿದರೆ ತಿನ್ನಿ, ಉಪ್ಪು ಕಡಿಮೆ ಹಾಕಿ ಎಂದೆ. ಮೊಟ್ಟೆ, ಮೀನು, ಬೇಳೆ ಜಾಸ್ತಿ ತಿನ್ನಬೇಕು. ರಾತ್ರಿ ಮಲಗುವ ಮೊದಲು ಏನಾದರೂ ತಿನ್ನಬೇಕು.

ಆರು ತಿಂಗಳಿಗೆ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿಯಿತು. ವರ್ಷದ ಹೊತ್ತಿಗೆ ಬಿಲಿರುಬಿನ್ 1.6, ಅಲ್ಬುಮಿನ್ 3.2. ಸ್ಕ್ಯಾನ್‌ನಲ್ಲಿ ನೀರು ಒಂದು ಎಳೆಯಷ್ಟು. ಲಿವರ್ ಮತ್ತೆ ಹೊಸದಾಗುವುದಿಲ್ಲ. ಕ್ಯಾನ್ಸರ್ ಭಯ ಇದ್ದೇ ಇದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ. ಪ್ರತಿ ಸೋಮವಾರ ಅವರು ಮಳೆ ಪುಸ್ತಕದ ಪುಟದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಾನು ಕೇಳಿಕೊಂಡಿದ್ದಕ್ಕೆ. ಬೇಸಿಗೆಯಲ್ಲಿ ಮಳೆ ಇಲ್ಲದ ದಿನಗಳಲ್ಲೂ ಸೊನ್ನೆ ಬರೆದು ತಾರೀಖು ಹಾಕಿ ಕಳಿಸುತ್ತಾರೆ. ಕಳೆದ ವರ್ಷ ಒಂದು ಸೋಮವಾರ ಸೊನ್ನೆಗಳು ಗೆರೆ ಬಿಟ್ಟಿದ್ದವು. ಫೋನ್ ಮಾಡಿದರೆ ಮೂರು ದಿನದಿಂದ ಮಲ ಹೋಗಿರಲಿಲ್ಲ. ನೀರು ತೆಗೆದು ನೋಡಲು ಹೊಟ್ಟೆಯಲ್ಲಿ ಸಾಕಷ್ಟು ನೀರು ಸಿಗಲಿಲ್ಲ, ಮೂತ್ರ ಮತ್ತು ರಕ್ತದಲ್ಲಿ ಸೋಂಕು ಇರಲಿಲ್ಲ. ಲ್ಯಾಕ್ಟುಲೋಸ್ ಹೆಚ್ಚಿಸಿದೆವು, ಎರಡು ದಿನದಲ್ಲಿ ಅಕ್ಷರ ಸರಿಯಾಯಿತು.

ತೀರಿಕೊಂಡ ತಮ್ಮನಿಗೆ ಮೂವರು ಮಕ್ಕಳು. ಅಪ್ಪ ಹೋದ ಮೇಲೆ ತಾಯಿಯ ಜೊತೆ ಪಿರಿಯಾಪಟ್ಟಣದ ಕಡೆ ಹೋಗಿ ನೆಲೆಸಿದ್ದಾರೆ. ದೊಡ್ಡವಳು ಬಂದು ಪರೀಕ್ಷೆ ಮಾಡಿಸಿಕೊಂಡಳು, ಸೋಂಕು ಇಲ್ಲ, ಲಸಿಕೆಯ ಎರಡು ಡೋಸ್ ಆಗಿದೆ. ನಡುವಿನವನು ಬರುತ್ತೇನೆ ಎಂದು ಹೇಳಿ ಎರಡು ಸಲ ತಪ್ಪಿಸಿದ. ಚಿಕ್ಕವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹುತ್ತರಿಗೆ ದೊಡ್ಡಪ್ಪನ ಮನೆಗೆ ಬರುತ್ತಾನಂತೆ. ಇಬ್ಬರನ್ನೂ ತಾನೇ ಕರೆದುಕೊಂಡು ಬರುತ್ತೇನೆ ಎಂದು ರೈಟರ್ ಹೇಳಿದ್ದಾರೆ.